ರೋಬೋಟ್ ‘ಬಾ’ ಎನ್ನಬೇಕೇ, ‘ಬನ್ನಿ’ ಎನ್ನಬೇಕೇ? ಮುಂಬಯಿಯ ವಿದ್ಯಾರ್ಥಿಗಳಿಗೊಂದು ಸಂಶೋಧನಾ ಕೈಪಿಡಿ

ಮುಂಬಯಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ಅಂತಿಮ ವರ್ಷದ ಪ್ರಾಜೆಕ್ಟಿನ ಸಲಹೆಗೆಂದು ಬಂದಾಗ ‘ಸರ್, ಒಂದು ರೋಬೋಟ್ ಮಾಡಬೇಕೆಂದಿದ್ದೇವೆ’ ಎಂದೇ ಮಾತು ಆರಂಭಿಸುತ್ತಾರೆ. ಅದನ್ನು ಮಾಡಿ ಏನನ್ನು ತಿಳಿಯಬೇಕೆಂದಿದ್ದೀರಿ ಎಂದು ಕೇಳಿದರೆ ಒಬ್ಬರ ಮುಖವನ್ನು ಇನ್ನೊಬ್ಬರು ನೋಡುತ್ತಾರೆ. ಯಂತ್ರವನ್ನು ಕಟ್ಟುವುದು ಎಂಜಿನಿಯರಿಂಗ್. ಆ ಯಂತ್ರದ ಎದುರು ನಿಂತ ಮನುಷ್ಯ ಏನು ಮಾಡುತ್ತಾನೆ, ಏನು ಮಾಡದೆ ಹಿಂಜರಿಯುತ್ತಾನೆ, ಏಕೆ ಎಂದು ಕಂಡುಹಿಡಿಯುವುದು ಮಾನವ-ಯಂತ್ರ ಸಂವಹನದ ಸಂಶೋಧನೆ. ಎರಡನ್ನೂ ಒಂದೇ ವರ್ಷದಲ್ಲಿ ಪೂರ್ಣ ಪ್ರಮಾಣದಲ್ಲಿ ಮಾಡಲು ಹೊರಟ ತಂಡಗಳು ಸಾಮಾನ್ಯವಾಗಿ ಫೆಬ್ರವರಿಯವರೆಗೆ ಬೆಸುಗೆ ಹಾಕುತ್ತ ಕುಳಿತು, ಮಾರ್ಚ್ ತಿಂಗಳಲ್ಲಿ ನಾಲ್ಕು ಮಂದಿ ಗೆಳೆಯರಿಂದ ‘ಚೆನ್ನಾಗಿದೆ’ ಎಂದು ಬರೆಸಿಕೊಂಡು ವರದಿ ಮುಗಿಸುತ್ತವೆ. ಈ ಬರಹ ಎರಡನೆಯ ಕೆಲಸವನ್ನು ಮುಖ್ಯವಾಗಿಟ್ಟುಕೊಂಡವರಿಗಾಗಿ.

ಪ್ರಶ್ನೆ ಎಲ್ಲಿಂದ ಬರಬೇಕು

ಈ ಕ್ಷೇತ್ರ ಮಾತನಾಡುವ ಗೊಂಬೆಗಳಿಂದ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಂಥ ಕಡೆಗಳಲ್ಲಿ ವಿಕಿರಣ ಹೊಮ್ಮುವ ವಸ್ತುಗಳನ್ನು ದಪ್ಪ ಸೀಸದ ಗಾಜಿನ ಈಚೆ ನಿಂತು, ದೂರದ ಉಕ್ಕಿನ ಕೈಗಳಿಂದ ಎತ್ತಿಡುವ ಕೆಲಸದಲ್ಲಿ ಮನುಷ್ಯನ ಕಣ್ಣು, ಕೈ, ದಣಿವು ಎಲ್ಲವೂ ಯಂತ್ರದ ಭಾಗಗಳೇ ಆಗಿರುತ್ತವೆ. ಪುಣೆಯ ದಿಘಿಯಲ್ಲಿರುವ ರಕ್ಷಣಾ ಸಂಶೋಧನಾ ಪ್ರಯೋಗಾಲಯ ರೂಪಿಸಿದ, ಬಾಂಬ್ ನಿಷ್ಕ್ರಿಯಗೊಳಿಸಲು ಬಳಸುವ ‘ದಕ್ಷ’ ರೋಬೋಟನ್ನು ದೂರದಿಂದ ನಡೆಸುವವನೂ, ಗೋವಾದ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ತಯಾರಾದ ‘ಮಾಯಾ’ ಎಂಬ ಸ್ವಯಂಚಾಲಿತ ಜಲಾಂತರ್ವಾಹನವನ್ನು ನೀರಿಗೆ ಬಿಟ್ಟು ಕಾಯುವವನೂ ಇದೇ ಪ್ರಶ್ನೆಯ ಬೇರೆ ಬೇರೆ ಮುಖಗಳನ್ನು ಎದುರಿಸುತ್ತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಚಲಿಸುತ್ತದೆ. ಆದ್ದರಿಂದ ಒಂದೂವರೆ ಕಿಲೋಮೀಟರ್ ಆಚೆಗಿನ ಯಂತ್ರಕ್ಕೆ ಶಬ್ದಸಂಕೇತ ಕಳುಹಿಸಿದರೆ ಉತ್ತರ ಬರಲು ಎರಡು ಸೆಕೆಂಡು ಬೇಕು. ಸಂಕೇತ ತಡವಾದಾಗ ಮನುಷ್ಯ ಸ್ವಲ್ಪ ಚಲಿಸಿ, ನಿಂತು, ಫಲ ನೋಡಿ, ಮತ್ತೆ ಚಲಿಸುವ ರೂಢಿಗೆ ತಾನಾಗಿಯೇ ಬೀಳುತ್ತಾನೆ ಎಂದು ಸಂಶೋಧಕರಾದ ಶೆರಿಡನ್ ಮತ್ತು ಫೆರೆಲ್ 1960ರ ದಶಕದಲ್ಲೇ ತೋರಿಸಿದ್ದರು. ಆಟಿಕೆ ಕಾರೊಂದಕ್ಕೆ ಕ್ಯಾಮೆರಾ ಕಟ್ಟಿ, ಆದೇಶವನ್ನು ಬೇಕೆಂದೇ ಅರ್ಧ ಸೆಕೆಂಡು ತಡೆಹಿಡಿದು ಈ ಪ್ರಯೋಗವನ್ನು ಕಾಲೇಜಿನ ಕಾರಿಡಾರಿನಲ್ಲಿಯೇ ಪುನಃ ಮಾಡಬಹುದು. ಮಾತಿನ ಗೊಡವೆ ಬೇಡವೆನ್ನುವ ತಂಡಕ್ಕೆ ನಾನು ಸೂಚಿಸುವುದು ಇದನ್ನೇ.

ಆದರೆ ಕನ್ನಡ ಬಲ್ಲ ವಿದ್ಯಾರ್ಥಿಯ ಕೈಯಲ್ಲಿ ಇನ್ನೂ ಒಳ್ಳೆಯ ಪ್ರಶ್ನೆಯೊಂದು ಇದೆ, ಅದನ್ನು ಉದಾಹರಣೆಯಾಗಿ ಇಟ್ಟುಕೊಂಡೇ ಮುಂದಿನದನ್ನೆಲ್ಲ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಮಾತನಾಡುವ ರೋಬೋಟ್ ಎದುರಿಗಿರುವವರು ಎಂಟು ವರ್ಷದವರೋ ಎಂಬತ್ತು ವರ್ಷದವರೋ ಎಂದು ತಿಳಿಯದೆಯೂ ಮಾತು ಮುಗಿಸಬಲ್ಲದು. ಕನ್ನಡದಲ್ಲಿ ಅದು ಬಾಯಿ ತೆರೆದ ಕ್ಷಣವೇ ‘ಬಾ’ ಎನ್ನಬೇಕೋ ‘ಬನ್ನಿ’ ಎನ್ನಬೇಕೋ ತೀರ್ಮಾನಿಸಬೇಕು, ಏಕೆಂದರೆ ಮರ್ಯಾದೆ ನಮ್ಮ ಕ್ರಿಯಾಪದದೊಳಗೇ ಕುಳಿತಿದೆ. ಅದರ ಮೇಲೆ, ಮುಂಬಯಿಯ ಕನ್ನಡಿಗರಲ್ಲಿ ಮನೆಯಲ್ಲಿ ತುಳು ಮಾತನಾಡಿ ಕನ್ನಡವನ್ನು ಶಾಲೆಯಲ್ಲೋ ಯಕ್ಷಗಾನದಲ್ಲೋ ಕಲಿತವರು ಅನೇಕರು. ಉತ್ತರ ಕರ್ನಾಟಕದಿಂದ ಬಂದವರಿಗೆ ‘ಬರ್ರಿ’ ಎಂಬುದೇ ಸಹಜವಾದ ಕರೆ. ಏಕವಚನವೆಂದರೆ ಅಗೌರವ ಎಂದು ಒಂದೇ ಗೆರೆಯಲ್ಲಿ ಹೇಳಿಬಿಡುವಂತೆಯೂ ಇಲ್ಲ: ತಾಯಿಯನ್ನೂ ದೇವರನ್ನೂ ನಾವು ‘ನೀನು’ ಎಂದೇ ಕರೆಯುತ್ತೇವೆ. ಹಾಗಾದರೆ ವಾಚನಾಲಯದ ಮೇಜಿನ ಮೇಲೆ ಕುಳಿತು ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ತೋರಿಸುವ ಪುಟ್ಟ ರೋಬೋಟ್ ಹಿರಿಯರನ್ನು ಹೇಗೆ ಕರೆದರೆ ಅವರು ಅದರ ಮಾತು ಕೇಳುತ್ತಾರೆ? ಬೇರೆ ಭಾಷೆಯ ಪ್ರಬಂಧವನ್ನು ನಕಲು ಮಾಡಿ ಈ ಪ್ರಶ್ನೆಗೆ ಉತ್ತರ ತರಲಾಗದು. ವಿದ್ಯಾರ್ಥಿ ತಾನೇ ಅಳೆಯಬೇಕು.

ಪ್ರಶ್ನೆಯನ್ನು ಅಳೆಯುವ ಹದಕ್ಕೆ ತರುವುದು

ಮೇಲಿನ ಪ್ರಶ್ನೆ ಇನ್ನೂ ಹರಟೆಯ ಮಟ್ಟದಲ್ಲಿದೆ. ಅದನ್ನು ಪ್ರಯೋಗವಾಗಿಸಲು ಬದಲಾಯಿಸುವ ಸಂಗತಿ ಒಂದೇ ಇರಬೇಕು, ಉಳಿದುದೆಲ್ಲ ಸ್ಥಿರವಾಗಿರಬೇಕು. ‘ಬಾ’ ಎನ್ನುವ ಧ್ವನಿ ಹುಡುಗಿಯದು, ‘ಬನ್ನಿ’ ಎನ್ನುವ ಧ್ವನಿ ಹುಡುಗನದು ಎಂದಾದರೆ ಫಲ ಯಾವುದರಿಂದ ಬಂತೆಂದು ಯಾರೂ ಹೇಳಲಾರರು. ಒಬ್ಬರೇ ವ್ಯಕ್ತಿಯಿಂದ, ಒಂದೇ ದಿನ, ಒಂದೇ ಏರಿಳಿತದಲ್ಲಿ ಎಲ್ಲ ವಾಕ್ಯಗಳನ್ನೂ ಧ್ವನಿಮುದ್ರಿಸಿಕೊಳ್ಳಬೇಕು. ಬಹುವಚನದ ರೂಪ ಒಂದೆರಡು ಅಕ್ಷರ ಉದ್ದವಾಗಿರುವುದರಿಂದ ವಾಕ್ಯದ ಒಟ್ಟು ಅವಧಿಯನ್ನು ನಡುವಿನ ಮೌನದಿಂದ ಸರಿಹೊಂದಿಸಬೇಕು. ಮೂರನೆಯ ಒಂದು ರೂಪವೂ ಇದೆ: ‘ಪುಸ್ತಕ ಎರಡನೆಯ ಕಪಾಟಿನಲ್ಲಿದೆ’ ಎಂದು ಕೇಳುಗರನ್ನು ಕರೆಯದೆಯೇ ಹೇಳಿ ಮುಗಿಸುವುದು. ಯಾರನ್ನು ಹೇಗೆ ಕರೆಯಬೇಕೆಂದು ತಿಳಿಯದಾಗ ನಾವೆಲ್ಲರೂ ಮದುವೆ ಮನೆಗಳಲ್ಲಿ ಮಾಡುವುದು ಇದನ್ನೇ. ಆಕರ್ಷಕವಾಗಿದ್ದರೂ ಮೊದಲ ಸಲ ಸಂಶೋಧನೆ ಮಾಡುವವರು ಇದನ್ನು ಬಿಟ್ಟು ಎರಡೇ ರೂಪಗಳನ್ನು ಹೋಲಿಸುವುದು ಲೇಸು. ಮೂರಾದರೆ ಬೇಕಾಗುವ ಜನರ ಸಂಖ್ಯೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಇಲ್ಲಿ ಒಂದು ಕಠಿಣ ಆಯ್ಕೆ ಎದುರಾಗುತ್ತದೆ. ಒಬ್ಬರಿಗೇ ಎರಡೂ ರೂಪಗಳನ್ನು ಕೇಳಿಸಬಹುದು, ಅರ್ಧದಷ್ಟು ಮಂದಿಗೆ ಮೊದಲು ‘ಬಾ’, ಉಳಿದವರಿಗೆ ಮೊದಲು ‘ಬನ್ನಿ’ ಎಂದು ಕ್ರಮವನ್ನು ಅದಲು ಬದಲು ಮಾಡಿ. ಹೀಗೆ ಮಾಡಿದರೆ ಕಡಿಮೆ ಜನ ಸಾಕು, ಒಬ್ಬೊಬ್ಬರ ಸ್ವಭಾವದ ವ್ಯತ್ಯಾಸ ಲೆಕ್ಕದಿಂದ ಕಳೆದುಹೋಗುತ್ತದೆ. ಆದರೆ ಎರಡನ್ನೂ ಕೇಳಿದ ಕೂಡಲೇ ‘ಓಹೋ, ಇವರು ಮರ್ಯಾದೆಯ ವಿಷಯ ಪರೀಕ್ಷಿಸುತ್ತಿದ್ದಾರೆ’ ಎಂದು ಹಿರಿಯರಿಗೆ ಹೊಳೆದುಬಿಡುತ್ತದೆ, ಮತ್ತೆ ಅವರು ಕೊಡುವುದು ಸಭೆಯಲ್ಲಿ ಕೊಡಬೇಕಾದ ಉತ್ತರ. ಆದ್ದರಿಂದ ಈ ಪ್ರಶ್ನೆಗೆ ಎರಡು ಪ್ರತ್ಯೇಕ ಗುಂಪುಗಳೇ ಸರಿ ಎಂಬುದು ನನ್ನ ಅಭಿಪ್ರಾಯ. ಗುಂಪಿಗೆ ಕನಿಷ್ಠ ಹದಿನೈದು ಮಂದಿಯಾದರೂ ಬೇಕು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಅಷ್ಟು ಜನ ಸಿಗದಿದ್ದರೆ ವರದಿಯ ಶೀರ್ಷಿಕೆಯಲ್ಲೇ ‘ಪ್ರಾಥಮಿಕ ಅಧ್ಯಯನ’ ಎಂದು ಬರೆಯುವುದರಲ್ಲಿ ನಾಚಿಕೆಯಿಲ್ಲ. ದೂರನಿಯಂತ್ರಣದ ಪ್ರಯೋಗದಂಥವುಗಳಿಗೆ ಮಾತ್ರ ಒಬ್ಬರಿಂದಲೇ ಎಲ್ಲವನ್ನೂ ಮಾಡಿಸುವುದು ಹೊಂದುತ್ತದೆ.

ಯಂತ್ರವನ್ನು ಎಷ್ಟು ಕಡಿಮೆ ಕಟ್ಟಬಹುದೋ ಅಷ್ಟೇ ಕಟ್ಟಿ

ತಲೆ ತಿರುಗಿಸಿ, ಕೈ ಚಾಚಿ, ಎಂಟು ಹತ್ತು ವಾಕ್ಯ ಹೇಳಬಲ್ಲ ರೋಬೋಟಿಗೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಎರಡು ಪುಟ್ಟ ಸರ್ವೋ ಮೋಟಾರು, ಅವನ್ನು ನಡೆಸುವ ಒಂದು ಆರ್ಡುಯಿನೋ ಅಥವಾ ಇಎಸ್‌ಪಿ32 ಬೋರ್ಡು, ಒಂದು ಸ್ಪೀಕರು, ರಟ್ಟಿನ ಮೈ ಸಾಕು. ಇಂಥ ಎಲೆಕ್ಟ್ರಾನಿಕ್ ಸಾಮಾನು ಕೊಳ್ಳಲು ಮುಂಬಯಿಯವರಿಗೆ ಲ್ಯಾಮಿಂಗ್ಟನ್ ರಸ್ತೆಯಿದೆ, ಪುಣೆಯವರಿಗೆ ಬುಧವಾರ ಪೇಠೆಯಿದೆ. ಬೇಕಾದ ಸಾಮಾನುಗಳ ಪಟ್ಟಿಯನ್ನು ಬರೆದುಕೊಂಡೇ ಹೋಗಬೇಕು, ಇಲ್ಲದಿದ್ದರೆ ಸಂಜೆಗೆ ಬೇಡದ್ದೆಲ್ಲ ಚೀಲದಲ್ಲಿರುತ್ತದೆ. ಪ್ರತಿಯೊಂದು ಸರ್ವೋವನ್ನೂ ಎರಡೆರಡು ಕೊಳ್ಳುವುದು ಒಳ್ಳೆಯದು, ಏಕೆಂದರೆ ಅಗ್ಗದ ಪ್ಲಾಸ್ಟಿಕ್ ಹಲ್ಲುಗಳು ಪ್ರಯೋಗದ ಬೆಳಿಗ್ಗೆಯೇ ಮುರಿಯುತ್ತವೆ.

ವಿದ್ಯಾರ್ಥಿಗಳ ಯಂತ್ರಗಳಲ್ಲಿ ನಾನು ಹೆಚ್ಚಾಗಿ ಕಂಡ ದೋಷ ವಿದ್ಯುತ್ತಿನದು. ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದ ಆರ್ಡುಯಿನೋಗೆ ಬರುವುದು ಹೆಚ್ಚೆಂದರೆ 500 ಮಿಲಿಆಂಪಿಯರ್. ಸರ್ವೋ ಎಲ್ಲಾದರೂ ತಡೆದು ನಿಂತರೆ ಒಂದೇ ಅಷ್ಟನ್ನು ಎಳೆದುಬಿಡಬಲ್ಲದು. ಆಗ ಬೋರ್ಡು ಒಂದು ಕ್ಷಣ ಸತ್ತು ಮತ್ತೆ ಎಚ್ಚರಗೊಂಡು ಪ್ರೋಗ್ರಾಮನ್ನು ಮೊದಲಿನಿಂದ ಆರಂಭಿಸುತ್ತದೆ, ವಿದ್ಯಾರ್ಥಿಗಳು ರಾತ್ರಿಯಿಡೀ ಕೋಡಿನಲ್ಲಿ ತಪ್ಪು ಹುಡುಕುತ್ತಾರೆ. ಸರ್ವೋಗಳಿಗೆ ಪ್ರತ್ಯೇಕವಾದ 5 ವೋಲ್ಟಿನ, 2 ಆಂಪಿಯರಿನ ಸಪ್ಲೈ ಕೊಟ್ಟು, ಎರಡೂ ಸಪ್ಲೈಗಳ ಗ್ರೌಂಡನ್ನು ಮಾತ್ರ ಒಂದಾಗಿ ಜೋಡಿಸಿ, ಸರ್ವೋ ತಂತಿಯ ಬಳಿ ದೊಡ್ಡದೊಂದು ಕೆಪಾಸಿಟರನ್ನು ಹಾಕಿದರೆ ಈ ಪೀಡೆ ಬಹುಮಟ್ಟಿಗೆ ತೊಲಗುತ್ತದೆ. ಎದುರಿಗಿರುವವರ ದೂರವನ್ನು ತಿಳಿಯಲು ಬಳಸುವ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರು 2 ಸೆಂಟಿಮೀಟರಿನಿಂದ 4 ಮೀಟರಿನವರೆಗೆ ಅಳೆಯುತ್ತದೆ ಎಂದು ಹೇಳುತ್ತಾರಾದರೂ ಸಡಿಲವಾದ ಹತ್ತಿಬಟ್ಟೆ, ಸೀರೆಯ ಸೆರಗು ಶಬ್ದವನ್ನು ನುಂಗಿಬಿಡುವುದರಿಂದ ಸಂಖ್ಯೆಗಳು ನೆಗೆದಾಡುತ್ತವೆ. ಅದರ ಪ್ರತಿಧ್ವನಿಯ ಪಿನ್ 5 ವೋಲ್ಟ್ ಕೊಡುತ್ತದೆ, ಇಎಸ್‌ಪಿ32 ತಾಳುವುದು 3.3 ವೋಲ್ಟನ್ನು, ನಡುವೆ ಎರಡು ರೆಸಿಸ್ಟರುಗಳಿಂದ ಇಳಿಸದೆ ಜೋಡಿಸಬಾರದು. ಇನ್ಫ್ರಾರೆಡ್ ಸೆನ್ಸರಾದರೆ ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಬೇಕು. ನನ್ನ ವಿದ್ಯಾರ್ಥಿ ದಿನಗಳಲ್ಲಿ ಪಶ್ಚಿಮದ ಕಿಟಕಿಯಿದ್ದ ಕೋಣೆಯಲ್ಲಿ ಬೆಳಿಗ್ಗೆ ಚೆನ್ನಾಗಿ ನಡೆದ ಯಂತ್ರ, ಪರೀಕ್ಷಕರು ಬಂದ ನಾಲ್ಕು ಗಂಟೆಗೆ ಗೋಡೆಯತ್ತ ಹೋಗಿ ಡಿಕ್ಕಿ ಹೊಡೆಯಿತು. ಅಂದಿನಿಂದ ಪ್ರಯೋಗದ ಗಳಿಗೆಯಲ್ಲೇ ಪೂರ್ವಪರೀಕ್ಷೆ ಮಾಡಬೇಕೆಂಬುದು ನನ್ನ ನಿಯಮ.

ಮಾತು ಗುರುತಿಸುವ ತಂತ್ರಾಂಶವನ್ನು ನೀವೇ ಬರೆಯಲು ಹೊರಡಬೇಡಿ. ಸರಕಾರದ ಭಾಷಿಣಿ ಯೋಜನೆಯಲ್ಲಿ ಕನ್ನಡವೂ ಇದೆ, ಬೇರೆ ಮಾದರಿಗಳೂ ಇವೆ. ಆದರೆ ಪಂಖದ ಸದ್ದು, ಹಿಂದಿ ಮರಾಠಿ ಬೆರೆತ ಮುಂಬಯಿಯ ಕನ್ನಡ, ‘ಬಾಜೂವಿನ ಕಪಾಟು’ ಎಂಬಂಥ ಮಾತುಗಳ ನಡುವೆ ಅವು ಮಾಡುವ ತಪ್ಪುಗಳು ನಿಮ್ಮ ಪ್ರಯೋಗದ ತಪ್ಪುಗಳಾಗಿಬಿಡುತ್ತವೆ. ಇದಕ್ಕೆ ಈ ಕ್ಷೇತ್ರದವರು ಕಂಡುಕೊಂಡ ಉಪಾಯವೆಂದರೆ, ಪರದೆಯ ಹಿಂದೆ ಒಬ್ಬ ವಿದ್ಯಾರ್ಥಿ ಕುಳಿತು, ಕೇಳಿದ ಮಾತಿಗೆ ತಕ್ಕ ವಾಕ್ಯದ ಗುಂಡಿ ಒತ್ತುವುದು. 1980ರ ದಶಕದ ಆರಂಭದಲ್ಲಿ ಜೆ. ಎಫ್. ಕೆಲಿ ರೂಢಿಗೆ ತಂದ ಈ ಕ್ರಮವನ್ನು, ಪರದೆಯ ಹಿಂದೆ ಅಡಗಿ ಮಾಯಗಾರನಂತೆ ನಟಿಸುವ ಕಥಾಪಾತ್ರದ ಹೆಸರಿನಲ್ಲಿ, ‘ವಿಝರ್ಡ್ ಆಫ್ ಆಜ್’ ಪದ್ಧತಿ ಎನ್ನುತ್ತಾರೆ. ನಮಗೆ ಸೂತ್ರದ ಗೊಂಬೆಯಾಟ ಎಂದರೆ ಬೇಗ ಅರ್ಥವಾಗುತ್ತದೆ. ಸೂತ್ರ ಹಿಡಿದವನು ಮನಸ್ಸಿಗೆ ಬಂದಂತೆ ಆಡಿಸಬಾರದು: ಯಾವ ಪ್ರಶ್ನೆಗೆ ಯಾವ ಗುಂಡಿ ಎಂಬುದು ಕಾಗದದ ಮೇಲಿರಬೇಕು, ಅರ್ಥವಾಗದ ಪ್ರಶ್ನೆಗೆ ಒಂದೇ ಸಿದ್ಧ ಉತ್ತರವಿರಬೇಕು, ಉತ್ತರಕ್ಕೆ ಹಿಡಿಯುವ ಕಾಲ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು, ಒತ್ತಿದ ಪ್ರತಿ ಗುಂಡಿಯೂ ಸಮಯದೊಂದಿಗೆ ಕಡತದಲ್ಲಿ ದಾಖಲಾಗಬೇಕು. ಪ್ರಯೋಗ ಮುಗಿದ ಮೇಲೆ ಪರದೆ ಸರಿಸಿ ನಿಜವನ್ನು ಹೇಳುವುದು ಕಡ್ಡಾಯ. ಹಿರಿಯರು ನಗುತ್ತಾರೆ, ಒಮ್ಮೊಮ್ಮೆ ಬೇಸರಪಡುತ್ತಾರೆ, ಆಗ ಅವರ ದಾಖಲೆಯನ್ನು ಅಳಿಸಿಹಾಕಿಸುವ ಹಕ್ಕು ಅವರಿಗಿದೆ ಎಂದು ತಿಳಿಸಬೇಕು.

ಒಪ್ಪಿಗೆ ಮತ್ತು ದಾಕ್ಷಿಣ್ಯ

ಮನುಷ್ಯರ ಮೇಲೆ ನಡೆಯುವ ಯಾವ ಅಧ್ಯಯನಕ್ಕೂ ಮುಂಚಿತವಾಗಿ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಬೇಕು. ಅಂಥ ಸಮಿತಿಯೇ ಇಲ್ಲದಿದ್ದರೆ, ಯೋಜನೆಯನ್ನು ಎರಡು ಪುಟಗಳಲ್ಲಿ ಬರೆದು, ನಿಮ್ಮ ಪ್ರಾಜೆಕ್ಟಿಗೆ ಸಂಬಂಧಿಸದ ಇಬ್ಬರು ಅಧ್ಯಾಪಕರಿಂದ ಓದಿಸಿ ಸಹಿ ಪಡೆಯುವಂತೆ ನಿಮ್ಮ ಗೈಡನ್ನು ಕೇಳಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆರೋಗ್ಯ ಸಂಶೋಧನೆಗಾಗಿ ಬರೆದದ್ದಾದರೂ ಒಪ್ಪಿಗೆಯ ಪತ್ರವನ್ನು ಹೇಗೆ ಸಿದ್ಧಪಡಿಸಬೇಕೆಂದು ತಿಳಿಯಲು ಅದಕ್ಕಿಂತ ಸ್ಪಷ್ಟವಾದುದನ್ನು ನಾನು ಕಂಡಿಲ್ಲ. ಮಕ್ಕಳಾದರೆ ಹೆತ್ತವರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಒಪ್ಪಿಗೆಯ ಪತ್ರ ಕನ್ನಡದಲ್ಲಿರಲಿ, ದೊಡ್ಡ ಅಕ್ಷರದಲ್ಲಿರಲಿ. ಕನ್ನಡ ಮಾತನಾಡಿದರೂ ಓದಲು ಬಾರದ ಎರಡನೆಯ ಮೂರನೆಯ ತಲೆಮಾರಿನವರು ಮುಂಬಯಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಿಗೆ ಓದಿ ಹೇಳಬೇಕು.

ಭಾಗವಹಿಸುವವರನ್ನು ಹುಡುಕಲು ಮಾಟುಂಗ, ಮಾಹಿಮ್, ಕುರ್ಲಾ ಕಡೆಯ ಕನ್ನಡ, ತುಳು ಸಂಘಗಳ ವಾಚನಾಲಯಗಳು, ತಾಳಮದ್ದಳೆಯ ಭಾನುವಾರಗಳು ಅನುಕೂಲವಾದ ಜಾಗಗಳು. ಹಳಿಯ ದುರಸ್ತಿಗೆಂದು ಭಾನುವಾರ ಲೋಕಲ್ ರೈಲುಗಳನ್ನು ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಮಾರ್ಗದಲ್ಲಿದೆ ಎಂದು ಶನಿವಾರವೇ ನೋಡಿಕೊಳ್ಳದಿದ್ದರೆ ಹತ್ತು ಮಂದಿ ಬರಬೇಕಾದಲ್ಲಿ ಮೂವರು ಬರುತ್ತಾರೆ. ಆದರೆ ಸಂಘಕ್ಕೆ ಬರುವವರು ಎಲ್ಲ ಕನ್ನಡಿಗರ ಪ್ರತಿನಿಧಿಗಳಲ್ಲ: ಅವರು ವಯಸ್ಸಾದವರು, ಭಾಷಾಭಿಮಾನಿಗಳು, ಮರ್ಯಾದೆಯ ಮಾತಿನ ಬಗ್ಗೆ ಮೊದಲೇ ಸೂಕ್ಷ್ಮವಾಗಿರುವವರು. ಹೋಟೆಲಿನಲ್ಲಿ ದುಡಿಯುವ ಹುಡುಗ, ಡೊಂಬಿವಲಿಯಿಂದ ದಿನವೂ ಓಡಾಡುವ ಗುಮಾಸ್ತ ಆ ಸಭಾಂಗಣಕ್ಕೆ ಬರುವುದಿಲ್ಲ. ಮಿತಿಯನ್ನು ವರದಿಯಲ್ಲಿ ಬರೆಯುವುದು ಒಂದು ದಾರಿ. ಅವರ ಬಿಡುವಿನ ವೇಳೆಗೆ, ಅವರ ಜಾಗಕ್ಕೆ ರೋಬೋಟನ್ನು ಹೊತ್ತುಕೊಂಡು ಹೋಗುವುದು ಇನ್ನೂ ಒಳ್ಳೆಯ ದಾರಿ. ರಟ್ಟಿನ ಮೈ ಹಗುರವಾಗಿರುವುದರ ಲಾಭ ಇಲ್ಲಿ ಕಾಣುತ್ತದೆ.

ಪ್ರಶ್ನಾವಳಿಗಳ ವಿಷಯದಲ್ಲಿ ನನಗೆ ಸ್ವಲ್ಪ ಅಪನಂಬಿಕೆಯಿದೆ. ಜಾನ್ ಬ್ರೂಕ್ ರೂಪಿಸಿದ ಹತ್ತು ವಾಕ್ಯಗಳ ಬಳಕೆ-ಅನುಕೂಲದ ಮಾಪಕ, ಹಾರ್ಟ್ ಮತ್ತು ಸ್ಟೇವ್‌ಲ್ಯಾಂಡ್ 1988ರಲ್ಲಿ ಪ್ರಕಟಿಸಿದ ನಾಸಾದ ಕಾರ್ಯಭಾರ ಮಾಪಕ, ಬಾರ್ಟ್ನೆಕ್ ಮತ್ತು ಸಂಗಡಿಗರು 2009ರಲ್ಲಿ ರೋಬೋಟಿಗೆಂದೇ ಒಟ್ಟುಗೂಡಿಸಿದ ‘ಗಾಡ್‌ಸ್ಪೀಡ್’ ಮಾಪಕ ಇವೆಲ್ಲ ಉಪಯುಕ್ತವೇ, ಮತ್ತು ತಾನೇ ಕಟ್ಟಿದ ಪ್ರಶ್ನೆಗಳಿಗಿಂತ ಉತ್ತಮವೇ. ಆದರೆ ಅವನ್ನು ಕನ್ನಡಕ್ಕೆ ತಂದ ಮೇಲೆ ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸಬೇಕು. ಬ್ರೂಕ್ ಅವರ ಮಾಪಕದ ಸಮಸಂಖ್ಯೆಯ ವಾಕ್ಯಗಳು ದೋಷವನ್ನು ಹೇಳುವವು. ‘ಒಪ್ಪುವುದಿಲ್ಲ’ ಎಂದರೆ ಹೊಗಳಿದಂತಾಗುತ್ತದೆ ಎಂಬುದು ಹಿರಿಯರಿಗೆ ಗೊಂದಲ ತರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ದಾಕ್ಷಿಣ್ಯ. ಮಗಳ ವಯಸ್ಸಿನ ಹುಡುಗಿ ಕಷ್ಟಪಟ್ಟು ಮಾಡಿದ ಯಂತ್ರಕ್ಕೆ ಐದರಲ್ಲಿ ಎರಡು ಅಂಕ ಕೊಡುವ ಮನಸ್ಸು ನಮ್ಮವರಿಗೆ ಬಾರದು. ಯಂತ್ರ ಕಟ್ಟಿದವರು ಕೋಣೆಯಲ್ಲೇ ಇರದೆ, ಬೇರೆಯವರು ಪ್ರಶ್ನೆ ಕೇಳಿದರೆ ಇದು ಸ್ವಲ್ಪ ಕಡಿಮೆಯಾಗುತ್ತದೆ. ‘ಗೌರವದಿಂದ ಮಾತನಾಡಿತು’ ಮತ್ತು ‘ನಮ್ಮವರಂತೆ ಮಾತನಾಡಿತು’ ಎಂಬ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು, ಏಕೆಂದರೆ ಏಕವಚನ ಮೊದಲನೆಯದರಲ್ಲಿ ಸೋತು ಎರಡನೆಯದರಲ್ಲಿ ಗೆಲ್ಲುವ ಸಾಧ್ಯತೆಯಿದೆ.

ಆದ್ದರಿಂದ ಬಾಯಿಯ ಉತ್ತರಕ್ಕಿಂತ ಮೈಯ ಉತ್ತರವನ್ನು ಅಳೆಯಿರಿ. ರೋಬೋಟ್ ತೋರಿಸಿದ ಕಪಾಟಿನತ್ತ ಅವರು ಹೋದರೇ? ಹೊರಡಲು ಎಷ್ಟು ಸೆಕೆಂಡು ಹಿಡಿಯಿತು? ಎಷ್ಟು ಹತ್ತಿರ ನಿಂತರು? ಜನರು ಪರಸ್ಪರ ಕಾಯ್ದುಕೊಳ್ಳುವ ದೂರದ ಬಗ್ಗೆ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ವಿವರಿಸಿದ ವಲಯಗಳಲ್ಲಿ ವೈಯಕ್ತಿಕ ದೂರ ಸುಮಾರು 1.2 ಮೀಟರಿಗೆ ಮುಗಿಯುತ್ತದೆ; ಅದು ಅಮೆರಿಕದವರನ್ನು ನೋಡಿ ಬರೆದದ್ದು, ವಿರಾರ್ ಲೋಕಲಿನಲ್ಲಿ ನಿಂತು ಬಂದವರ ಲೆಕ್ಕ ಬೇರೆಯೇ ಇರಬಹುದು. ನೆಲದ ಮೇಲೆ ಹತ್ತು ಸೆಂಟಿಮೀಟರಿಗೊಂದು ಅಂಟುಪಟ್ಟಿ ಹಾಕಿ, ಮೇಲಿನಿಂದ ಫೋನಿನಲ್ಲಿ ಚಿತ್ರೀಕರಿಸಿದರೆ ಸಾಕು, ಮುಖವೂ ದಾಖಲಾಗುವುದಿಲ್ಲ. ಎಲ್ಲಕ್ಕಿಂತ ಸೊಗಸಾದ ಅಳತೆ ಮಾತ್ರ ಇದು: ಅವರು ರೋಬೋಟಿಗೆ ತಿರುಗಿ ಏನೆಂದರು, ‘ಹೇಳು’ ಎಂದರೋ ‘ಹೇಳಿ’ ಎಂದರೋ? ಯಂತ್ರಕ್ಕೆ ಬಹುವಚನ ಕೊಟ್ಟವರು ಎಷ್ಟು ಮಂದಿ, ಅವರು ಯಾವ ಗುಂಪಿನವರು ಎಂಬ ಒಂದೇ ಕೋಷ್ಟಕ ಹತ್ತು ಪ್ರಶ್ನೆಗಳಿಗಿಂತ ಹೆಚ್ಚು ಹೇಳುತ್ತದೆ. ಧ್ವನಿಮುದ್ರಣವನ್ನು ಇಬ್ಬರು ಪ್ರತ್ಯೇಕವಾಗಿ ಕೇಳಿ ಗುರುತು ಹಾಕಬೇಕು, ಅವರ ಹೊಂದಾಣಿಕೆಯನ್ನು, ಆಕಸ್ಮಿಕವಾಗಿ ಹೊಂದಿದ್ದನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಅವರ ಕಪ್ಪಾ ಅಂಕದಲ್ಲಿ ತೋರಿಸಬೇಕು.

ಲೆಕ್ಕ ಮತ್ತು ಬರವಣಿಗೆ

ಪ್ರಯೋಗಕ್ಕೆ ಮೊದಲೇ, ಯಾವ ಅಳತೆಯನ್ನು ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆಯಿಂದ ಹೋಲಿಸುತ್ತೀರಿ ಎಂದು ಒಂದು ಪುಟದಲ್ಲಿ ಬರೆದು ಗೈಡಿಗೆ ದಿನಾಂಕದೊಂದಿಗೆ ಕಳುಹಿಸಿ. ಒಂದರಿಂದ ಐದರ ಅಂಕಗಳಿಗೆ ಎರಡು ಪ್ರತ್ಯೇಕ ಗುಂಪುಗಳಿದ್ದಾಗ ಮಾನ್-ವಿಟ್ನಿ ಪರೀಕ್ಷೆ, ಒಬ್ಬರೇ ಎರಡನ್ನೂ ಮಾಡಿದಾಗ ವಿಲ್ಕಾಕ್ಸನ್ ಪರೀಕ್ಷೆ ಸಾಕು. ಸರಾಸರಿಯೊಂದನ್ನೇ ಕೊಡದೆ ಮೂವತ್ತೂ ಮಂದಿಯ ಅಂಕಗಳನ್ನು ಚುಕ್ಕಿಗಳಾಗಿ ಚಿತ್ರದಲ್ಲಿ ತೋರಿಸಿ. ವ್ಯತ್ಯಾಸವೇ ಕಾಣದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. ಫಲ ಬರಲಿಲ್ಲವೆಂದು ಕೊನೆಯ ವಾರದಲ್ಲಿ ಐದು ಮಂದಿಯನ್ನು ಹೆಚ್ಚಾಗಿ ಕರೆತಂದು ಲೆಕ್ಕ ತಿರುಗಿಸುವುದು ಮೋಸ. ಹೊಸತನದ ಬೆರಗು ಮೊದಲ ದಿನದ ಅಂಕಗಳನ್ನು ಏರಿಸುತ್ತದೆ, ಆದ್ದರಿಂದ ಸಾಧ್ಯವಾದರೆ ಕೆಲವರನ್ನಾದರೂ ಎರಡು ವಾರಗಳ ನಂತರ ಮತ್ತೆ ಕರೆಯಿರಿ.

2006ರಿಂದ ನಡೆಯುತ್ತಿರುವ ಮಾನವ-ರೋಬೋಟ್ ಸಂವಹನದ ಅಂತರರಾಷ್ಟ್ರೀಯ ಸಮ್ಮೇಳನದ ಕಿರುಪ್ರಬಂಧಗಳನ್ನು ನಾಲ್ಕೈದು ಓದಿದರೆ ಬರವಣಿಗೆಯ ಅಚ್ಚು ಸಿಗುತ್ತದೆ; ಪವಾಯಿಯ ಐಐಟಿಯ ಇ-ಯಂತ್ರ ಯೋಜನೆಯ ಪಾಠಗಳು ಯಂತ್ರದ ಭಾಗಕ್ಕೆ ನೆರವಾಗುತ್ತವೆ. ಇಂಗ್ಲಿಷಿನ ಪ್ರಬಂಧದಲ್ಲಿ ‘ಬಾ’, ‘ಬನ್ನಿ’ಗಳನ್ನು ಒಂದೇ ಪದಕ್ಕೆ ಅನುವಾದಿಸಿ ಮುಗಿಸದೆ, ಅವುಗಳ ವ್ಯತ್ಯಾಸವನ್ನು ಕನ್ನಡ ಬಾರದವರಿಗೆ ಅರ್ಧ ಪುಟದಲ್ಲಿ ವಿವರಿಸಿ, ಏಕೆಂದರೆ ಇಡೀ ಕೆಲಸ ನಿಂತಿರುವುದು ಅದರ ಮೇಲೆ.

ಪ್ರಬಂಧ ಸಲ್ಲಿಸಿದ ಮೇಲೆ ಇನ್ನೆರಡು ಕೆಲಸಗಳು ಉಳಿಯುತ್ತವೆ. ಕಂಡುಕೊಂಡದ್ದನ್ನು ಒಂದು ಪುಟದ ಕನ್ನಡದಲ್ಲಿ ಬರೆದು, ಕುರ್ಚಿ ಮೇಜು ಕೊಟ್ಟ ವಾಚನಾಲಯದ ಫಲಕಕ್ಕೆ ಅಂಟಿಸಿ ಬರಬೇಕು. ರೋಬೋಟನ್ನು ಬಿಚ್ಚಿ, ಸರ್ವೋ, ಬೋರ್ಡು, ಧ್ವನಿಮುದ್ರಿತ ವಾಕ್ಯಗಳು, ಗುಂಡಿಗಳ ಪಟ್ಟಿ, ಹೆಸರು ತೆಗೆದ ದತ್ತಾಂಶ ಇವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು, ಯಾವ ಸರ್ವೋ ಹಲ್ಲು ಮುರಿದಿದೆ ಎಂದು ಚೀಟಿ ಅಂಟಿಸಿ ಮುಂದಿನ ವರ್ಷದವರ ಕೈಗೆ ಕೊಡಬೇಕು. ಕೈಬಿಟ್ಟ ಮೂರನೆಯ ರೂಪ, ಯಾರನ್ನೂ ಕರೆಯದೆ ಮಾತನಾಡುವ ರೋಬೋಟ್, ಅವರಿಗಾಗಿ ಕಾದಿದೆ.